ಹ್ಯಾಮ್‌ಟ್ರ್ಯಾಮಿಕ್: ಕಾರ್ಖಾನೆ ಹೋದ ಮೇಲೂ ಉಳಿದ ಎಲ್ಲೆ

ಅಮೆರಿಕದ ಮಿಶಿಗನ್ ರಾಜ್ಯದಲ್ಲಿರುವ ಡೆಟ್ರಾಯಿಟ್ ಮಹಾನಗರದ ನಕಾಶೆಯಲ್ಲಿ, ನಗರಕೇಂದ್ರದಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ, ಮಹಾನಗರಕ್ಕೆ ಸೇರದ ಎರಡು ಪುಟ್ಟ ತುಣುಕುಗಳು ಒಂದಕ್ಕೊಂದು ತಾಗಿಕೊಂಡಿವೆ. ಒಂದರ ಹೆಸರು ಹೈಲ್ಯಾಂಡ್ ಪಾರ್ಕ್, ಇನ್ನೊಂದರದು ಹ್ಯಾಮ್‌ಟ್ರ್ಯಾಮಿಕ್. ಎರಡೂ ಸ್ವಂತ ಮೇಯರ್, ಸ್ವಂತ ನಗರಸಭೆ ಮತ್ತು ಸ್ವಂತ ಪೊಲೀಸ್ ಪಡೆಯುಳ್ಳ ಪ್ರತ್ಯೇಕ ನಗರಗಳು. ಸುತ್ತಲೂ ಇರುವುದು ಮಾತ್ರ ಡೆಟ್ರಾಯಿಟ್. ಹ್ಯಾಮ್‌ಟ್ರ್ಯಾಮಿಕ್‌ನ ವಿಸ್ತೀರ್ಣ ಸುಮಾರು 5.4 ಚದರ ಕಿಲೋಮೀಟರ್. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 28,433. ಮಿಶಿಗನ್ ರಾಜ್ಯದಲ್ಲಿ ಇಷ್ಟು ಒತ್ತೊತ್ತಾಗಿ ಜನ ವಾಸಿಸುವ ನಗರ ಇನ್ನೊಂದಿಲ್ಲ. ಮೋಟಾರು ಕಾರ್ಖಾನೆಯೊಂದರ ನೆರಳಿನಲ್ಲಿ ಬೆಳೆದ ಈ ಊರು, ಆ ಕಾರ್ಖಾನೆ ನೆಲಸಮವಾದ ಮೇಲೂ ಏಕೆ ಖಾಲಿಯಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ, ಅದು ದೊರೆಯುವುದು ಬಹುಮಟ್ಟಿಗೆ ಎರಡು ಕಡೆ: ಒಂದು, ಊರಿನ ಸುತ್ತ ನೂರು ವರ್ಷಗಳ ಹಿಂದೆ ಎಳೆದ ಆಡಳಿತದ ಗೆರೆಯಲ್ಲಿ, ಇನ್ನೊಂದು, ಆ ಗೆರೆಯೊಳಗೆ ಕಟ್ಟಿದ ಇಕ್ಕಟ್ಟಾದ ಮರದ ಮನೆಗಳಲ್ಲಿ.

ಊರಿಗೆ ಹೆಸರು ಬಂದದ್ದು ಜಾನ್ ಫ್ರಾನ್ಸಿಸ್ ಹ್ಯಾಮ್‌ಟ್ರ್ಯಾಮಿಕ್ ಎಂಬ ಫ್ರೆಂಚ್ ಕೆನಡಾ ಮೂಲದ ಸೇನಾಧಿಕಾರಿಯಿಂದ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದ ಆತ, 1796ರಲ್ಲಿ ಬ್ರಿಟಿಷರು ಡೆಟ್ರಾಯಿಟ್ ಕೋಟೆಯನ್ನು ಬಿಟ್ಟುಕೊಟ್ಟಾಗ ಅಲ್ಲಿನ ಮೊದಲ ಅಮೆರಿಕನ್ ದಂಡನಾಯಕನಾದ. ಆತನ ಹೆಸರಿನ ವಿಶಾಲ ಗ್ರಾಮಾಂತರ ಪ್ರದೇಶವನ್ನು ಡೆಟ್ರಾಯಿಟ್ ನಗರ ಸ್ವಲ್ಪಸ್ವಲ್ಪವಾಗಿ ತನ್ನೊಳಗೆ ಸೇರಿಸಿಕೊಳ್ಳುತ್ತ ಬಂದಿತು. ಹಾಗೆ ಸೇರಿಹೋಗಲು ಒಪ್ಪದೆ ಉಳಿದ ಒಂದು ಭಾಗವು 1901ರಲ್ಲಿ, ಹೆಚ್ಚಾಗಿ ಜರ್ಮನ್ ಮೂಲದ ರೈತರೇ ಇದ್ದಾಗ, ಗ್ರಾಮವೆಂದು ನೋಂದಾಯಿಸಿಕೊಂಡು ತನ್ನದೇ ಆಡಳಿತವನ್ನು ಕಟ್ಟಿಕೊಂಡಿತು. 1922ರಲ್ಲಿ ಅದು ನಗರವಾಯಿತು. ಈ ಎರಡನೆಯ ಹೆಜ್ಜೆಯ ಉದ್ದೇಶವೂ ಡೆಟ್ರಾಯಿಟ್‌ನ ಪಾಲಾಗದಂತೆ ತನ್ನನ್ನು ಕಾಯ್ದುಕೊಳ್ಳುವುದೇ ಆಗಿತ್ತು. ಆದರೆ ಈ ಎರಡು ದಶಕಗಳ ನಡುವೆ ಕಾಯ್ದುಕೊಳ್ಳಬೇಕಾದ ಸೊತ್ತು ಬದಲಾಗಿತ್ತು. ಹೊಲಗಳ ಜಾಗದಲ್ಲಿ ಅಪಾರ ಆಸ್ತಿ ತೆರಿಗೆ ಕಟ್ಟುವ ಕಾರ್ಖಾನೆ ನಿಂತಿತ್ತು.

ಜಾನ್ ಮತ್ತು ಹೊರೇಸ್ ಡಾಜ್ ಎಂಬ ಸಹೋದರರು ಹೆನ್ರಿ ಫೋರ್ಡ್‌ನ ಕಂಪನಿಗೆ ಅದರ ಆರಂಭದ ದಿನಗಳಿಂದಲೂ ಎಂಜಿನ್, ಗೇರುಪೆಟ್ಟಿಗೆ ಮೊದಲಾದ ಬಿಡಿಭಾಗಗಳನ್ನು ತಯಾರಿಸಿ ಕೊಡುತ್ತಿದ್ದರು. ಡೆಟ್ರಾಯಿಟ್‌ನಲ್ಲಿದ್ದ ಜಾಗ ಸಾಲದೆ ಅವರು 1910ರಲ್ಲಿ ತೆರಿಗೆಯ ಹೊರೆ ಕಡಿಮೆಯಿದ್ದ, ರೈಲುಮಾರ್ಗಕ್ಕೆ ಹತ್ತಿರವಾಗಿದ್ದ ಹ್ಯಾಮ್‌ಟ್ರ್ಯಾಮಿಕ್‌ನ ದಕ್ಷಿಣದ ಅಂಚಿನಲ್ಲಿ ಹೊಸ ಕಾರ್ಖಾನೆಯನ್ನು ತೆರೆದರು. 1914ರ ನವೆಂಬರ್‌ನಲ್ಲಿ ಡಾಜ್ ಹೆಸರಿನ ಮೊದಲ ಕಾರು ಅಲ್ಲಿಂದ ಹೊರಬಂದಿತು. ಇಬ್ಬರು ಸಹೋದರರೂ 1920ರಲ್ಲಿ, ಒಂದೇ ವರ್ಷದ ಅವಧಿಯಲ್ಲಿ, ತೀರಿಕೊಂಡರು. 1928ರಲ್ಲಿ ಕಂಪನಿ ಕ್ರೈಸ್ಲರ್‌ನ ಕೈಸೇರಿತು. ಆದರೂ ಕಾರ್ಖಾನೆಗೆ ಜನರ ಬಾಯಲ್ಲಿ ‘ಡಾಜ್ ಮೇನ್’ ಎಂಬ ಹೆಸರೇ ಕೊನೆಯವರೆಗೆ ಉಳಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಬಹುಮಹಡಿ ಕಟ್ಟಡಗಳ ಸಮೂಹದಲ್ಲಿ ಹತ್ತಾರು ಸಾವಿರ ಮಂದಿ ದುಡಿಯುತ್ತಿದ್ದರು.

ಊರು ಬೆಳೆದ ವೇಗವನ್ನು ಜನಗಣತಿಯ ಅಂಕಿಗಳೇ ಹೇಳುತ್ತವೆ. 1910ರಲ್ಲಿ ಸುಮಾರು ಮೂರೂವರೆ ಸಾವಿರವಿದ್ದ ಜನಸಂಖ್ಯೆ 1920ರ ಹೊತ್ತಿಗೆ ನಲವತ್ತೈದು ಸಾವಿರವನ್ನು ದಾಟಿ, 1930ರಲ್ಲಿ 56,268ನ್ನು ಮುಟ್ಟಿತು. ಪಕ್ಕದ ಹೈಲ್ಯಾಂಡ್ ಪಾರ್ಕ್‌ನ ಕಾರ್ಖಾನೆಯಲ್ಲಿ ಫೋರ್ಡ್ ಕಂಪನಿಯು 1914ರಿಂದ ದಿನಕ್ಕೆ ಐದು ಡಾಲರ್ ಕೂಲಿ ಕೊಡತೊಡಗಿದ್ದೂ ಈ ಜನಪ್ರವಾಹಕ್ಕೆ ಒಂದು ಕಾರಣ. ಬಂದವರಲ್ಲಿ ಬಹುಪಾಲು ಮಂದಿ ಪೋಲೆಂಡಿನ ರೈತಾಪಿ ಜನ. ಅವರು ಹೊರಟಾಗ ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. ರಷ್ಯಾ, ಜರ್ಮನಿ ಮತ್ತು ಆಸ್ಟ್ರಿಯಾ ಸಾಮ್ರಾಜ್ಯಗಳು ಆ ನೆಲವನ್ನು ಹಂಚಿಕೊಂಡಿದ್ದವು.

ಇವರಿಗಾಗಿ ಎದ್ದ ಮನೆಗಳ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಊರಿನ ಮುಂದಿನ ಚರಿತ್ರೆಯೆಲ್ಲ ಅದರ ಮೇಲೆ ನಿಂತಿದೆ. ನಿವೇಶನದ ಅಗಲ ಸಾಮಾನ್ಯವಾಗಿ 30 ಅಡಿ. ಅದರ ಮೇಲೆ ಮರದ ಚೌಕಟ್ಟಿನ, ಬೀದಿಗೆ ಕಿರಿದಾದ ಮುಖವನ್ನು ಒಡ್ಡಿ ಹಿಂದಕ್ಕೆ ಚಾಚಿಕೊಂಡ ಎರಡಂತಸ್ತಿನ ಮನೆ. ಮುಂದೆ ಮೆಟ್ಟಿಲೇರಿ ಹೋಗುವ ಜಗಲಿ. ಪಕ್ಕದ ಮನೆಗೂ ಇದಕ್ಕೂ ನಡುವೆ ಒಬ್ಬ ಮನುಷ್ಯ ಆರಾಮವಾಗಿ ನಡೆಯುವಷ್ಟು ಸಂದು. ಹಿಂದೆ ಚಿಕ್ಕ ಹಿತ್ತಲು. ಇಂಥ ಎಷ್ಟೋ ಮನೆಗಳಲ್ಲಿ ಕೆಳಗೊಂದು, ಮೇಲೊಂದು ಎಂದು ಎರಡು ಪೂರ್ತಿ ಸಂಸಾರಗಳಿಗೆ ಬೇಕಾದ ಅಡಿಗೆಮನೆ ಮತ್ತು ಕೋಣೆಗಳಿರುತ್ತವೆ. ಸಾಲ ಮಾಡಿ ಮನೆ ಕೊಂಡ ಕಾರ್ಮಿಕ ಕೆಳಗೆ ವಾಸವಿದ್ದು ಮೇಲಿನದನ್ನು ಬಾಡಿಗೆಗೆ ಕೊಟ್ಟರೆ, ಬಾಡಿಗೆಯೇ ಸಾಲದ ಕಂತಿನ ಬಹುಭಾಗವನ್ನು ತೀರಿಸುತ್ತಿತ್ತು. ಹೊಸದಾಗಿ ಹಡಗಿಳಿದ ಊರವನಿಗೆ ಅಥವಾ ನೆಂಟನಿಗೆ ಮೇಲಿನ ಮನೆ ಮೊದಲ ಆಸರೆಯಾಗುತ್ತಿತ್ತು. ಕಾರ್ಖಾನೆ, ಚರ್ಚು, ಮಾಂಸದಂಗಡಿ, ಶಾಲೆ ಎಲ್ಲವೂ ನಡಿಗೆಯ ದೂರದಲ್ಲಿದ್ದವು. ಲಕ್ಷಾಂತರ ಕಾರುಗಳನ್ನು ತಯಾರಿಸಿದ ಊರು ಕಾರಿಲ್ಲದೆ ಬದುಕಬಲ್ಲಂತೆ ರೂಪುಗೊಂಡಿತ್ತು.

ಊರಿನ ಮನೆಗಳಿಗೆಲ್ಲ ಎತ್ತರವಾಗಿ ಇಂದಿಗೂ ಎದ್ದು ಕಾಣುವುದು ಸಂತ ಫ್ಲೋರಿಯನ್ ಚರ್ಚಿನ ಗೋಪುರ. 1907ರಲ್ಲಿ ಸ್ಥಾಪನೆಯಾದ ಈ ಧರ್ಮಕೇಂದ್ರದ ಈಗಿನ ಕಟ್ಟಡವನ್ನು, ಮಧ್ಯಯುಗದ ಯುರೋಪಿನ ಗಾಥಿಕ್ ಶೈಲಿಗೆ ಅಮೆರಿಕದಲ್ಲಿ ಮರುಹುಟ್ಟು ಕೊಟ್ಟ ವಾಸ್ತುಶಿಲ್ಪಿ ರಾಲ್ಫ್ ಆಡಮ್ಸ್ ಕ್ರಾಮ್‌ನ ಸಂಸ್ಥೆ ವಿನ್ಯಾಸಗೊಳಿಸಿತು. 1928ರಲ್ಲಿ ಅದು ಪೂರ್ಣಗೊಂಡಿತು. ಆ ಎತ್ತರಕ್ಕೆ ಹಣ ಕೂಡಿಸಿದವರು ಕುಲುಮೆ ಮತ್ತು ಯಂತ್ರಗಳ ಮುಂದೆ ದುಡಿದ ಕುಟುಂಬಗಳು ಎಂಬುದನ್ನು ಮರೆತು ಆ ಕಟ್ಟಡವನ್ನು ನೋಡಲಾಗದು. ಆದರೆ ಈ ಕುಟುಂಬಗಳ ಶಿಸ್ತು ದೇವರ ಸೇವೆಗೆ ಮಾತ್ರ ಮೀಸಲಾಗಿರಲಿಲ್ಲ. ಆರ್ಥಿಕ ಮುಗ್ಗಟ್ಟಿನ ನಡುವೆ ಮಾಂಸದ ಬೆಲೆ ಏರಿದಾಗ, 1935ರ ಜುಲೈನಲ್ಲಿ ಮೇರಿ ಝುಕ್ ಎಂಬ ಗೃಹಿಣಿಯ ಮುಂದಾಳತ್ವದಲ್ಲಿ ಊರಿನ ಹೆಂಗಸರು ಬೆಲೆಯನ್ನು ಶೇಕಡ 20ರಷ್ಟು ಇಳಿಸಬೇಕೆಂದು ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತು, ಕೊಳ್ಳಲು ಬಂದವರನ್ನು ತಡೆದು, ದೇಶದ ಪತ್ರಿಕೆಗಳ ಗಮನ ಸೆಳೆದರು. ಮರುವರ್ಷ ಝುಕ್ ನಗರಸಭೆಗೆ ಆಯ್ಕೆಯಾದ ಮೊದಲ ಮಹಿಳೆಯಾದರು. 1937ರ ಮಾರ್ಚ್‌ನಲ್ಲಿ ಡಾಜ್ ಮೇನ್‌ನ ಕಾರ್ಮಿಕರು ‘ಕುಳಿತು ನಡೆಸುವ ಮುಷ್ಕರ’ವನ್ನು ಹೂಡಿದರು. ಗೇಟಿನ ಹೊರಗೆ ನಿಲ್ಲುವ ಬದಲು ಕಾರ್ಖಾನೆಯ ಒಳಗೆ ಯಂತ್ರಗಳ ಬಳಿಯೇ ಹಗಲೂ ರಾತ್ರಿಯೂ ಕುಳಿತುಬಿಡುವುದು, ಆ ಮೂಲಕ ಕಂಪನಿಯು ಬದಲಿ ಆಳುಗಳನ್ನು ತಂದು ಕೆಲಸ ನಡೆಸದಂತೆ ಮಾಡುವುದು ಈ ವಿಧಾನ. ಒಳಗೆ ಗಂಡಸರು ಕುಳಿತಿದ್ದಾಗ ಅವರಿಗೆ ಊಟ ಹೋಗುತ್ತಿದ್ದುದು ಕೂಗಳತೆಯ ದೂರದ ಬೀದಿಗಳಿಂದ. ಕಾರ್ಖಾನೆಗೆ ಅಂಟಿಕೊಂಡಂತಿದ್ದ ಊರು ಕಂಪನಿಗೆ ಅನುಕೂಲವಾದಷ್ಟೇ ಕಾರ್ಮಿಕರಿಗೂ ಬಲವಾಗಿತ್ತು.

ಈ ಒಗ್ಗಟ್ಟಿಗೆ ಇನ್ನೊಂದು ಮುಖವೂ ಇತ್ತು. ಊರಿನ ಬಗ್ಗೆ ಅಭಿಮಾನದಿಂದ ಬರೆಯುವವರು ಅದನ್ನು ಬೇಗನೆ ದಾಟಿಹೋಗುವುದು ಸರಿಯಲ್ಲ. 1960ರ ದಶಕದ ಹೊತ್ತಿಗೆ ಡಾಜ್ ಮೇನ್‌ನ ದುಡಿಮೆಗಾರರಲ್ಲಿ ಹೆಚ್ಚಿನವರು ಕಪ್ಪು ಜನರಾಗಿದ್ದರು, ಆದರೆ ಮೇಲ್ವಿಚಾರಣೆಯ ಹುದ್ದೆಗಳೂ ಕಾರ್ಮಿಕ ಸಂಘದ ಸ್ಥಾನಗಳೂ ಬಿಳಿಯರ ಕೈಯಲ್ಲೇ ಇದ್ದವು. 1968ರ ಮೇ ತಿಂಗಳಲ್ಲಿ ಸಂಘದ ಅನುಮತಿಯಿಲ್ಲದೆ ನಡೆದ ಮುಷ್ಕರವೊಂದರ ಬೆನ್ನಿಗೆ ಕಪ್ಪು ಕಾರ್ಮಿಕರು ‘ಡಾಜ್ ಕ್ರಾಂತಿಕಾರಿ ಸಂಘ ಚಳವಳಿ’ ಎಂಬ ಸಂಘಟನೆಯನ್ನು ಕಟ್ಟಿ, ಕಂಪನಿಯನ್ನೂ ಸಂಘವನ್ನೂ ಒಟ್ಟಿಗೇ ಪ್ರಶ್ನಿಸಿದರು. ಸಂಘದ ಚುನಾವಣೆಯಲ್ಲಿ ನಿವೃತ್ತರಿಗೂ ಮತವಿದ್ದ ಕಾರಣ, ಬಹುಪಾಲು ಪೋಲಿಷ್ ಮೂಲದವರಾದ ಹಿರಿಯ ಕಾರ್ಮಿಕರ ಮತಗಳು ಅವರಿಗೆ ಅಡ್ಡವಾದವು. ಕಾರ್ಖಾನೆಯ ಹೊರಗಿನ ಕಥೆ ಇನ್ನೂ ಕಠೋರವಾದುದು. ನಗರ ನವೀಕರಣ, ಎಂದರೆ ಹಳೆಯ ಬಡಾವಣೆಗಳನ್ನು ಕೆಡವಿ ಹೊಸದಾಗಿ ಕಟ್ಟಲು ಸರ್ಕಾರ ನೆರವು ಕೊಡುವ ಯೋಜನೆಯ ಹೆಸರಿನಲ್ಲಿ ನಗರಾಡಳಿತವು ಕಪ್ಪು ಕುಟುಂಬಗಳಿದ್ದ ಬೀದಿಗಳನ್ನೇ ಆರಿಸಿ ತೆರವುಗೊಳಿಸಿತೆಂದು 1968ರಲ್ಲಿ ನಿವಾಸಿಗಳು ಮೊಕದ್ದಮೆ ಹೂಡಿದರು. 1971ರಲ್ಲಿ ಫೆಡರಲ್ ನ್ಯಾಯಾಧೀಶ ಡೇಮನ್ ಕೀತ್ ಅವರು ನಿವಾಸಿಗಳ ಪರವಾಗಿ ತೀರ್ಪಿತ್ತರು. ಪರಿಹಾರವಾಗಿ ಕಟ್ಟಿಕೊಡಬೇಕಾದ ಮನೆಗಳು ಮಾತ್ರ ದಶಕಗಳ ಕಾಲ ತೆವಳುತ್ತ ಸಾಗಿ, ಕೆಲಸ ಮುಗಿಯುವ ಹಂತಕ್ಕೆ ಬಂದದ್ದು 2010ರ ಸುಮಾರಿಗೆ. ಬಯಸಿದವರನ್ನು ಒಳಗಿಟ್ಟು ಕಾಪಾಡಿದ ಗೆರೆಯು ಬೇಡವಾದವರನ್ನು ಹೊರಗಟ್ಟುವುದಕ್ಕೂ ಒದಗಿತ್ತು.

ಕ್ರೈಸ್ಲರ್ ಕಂಪನಿ ದಿವಾಳಿಯ ಅಂಚಿಗೆ ಬಂದು ಕೇಂದ್ರ ಸರ್ಕಾರದ ಸಾಲ ಖಾತರಿಯನ್ನು ಬೇಡುತ್ತಿದ್ದ ಹೊತ್ತಿನಲ್ಲಿ, 1980ರ ಜನವರಿಯಲ್ಲಿ, ಡಾಜ್ ಮೇನ್ ಬಾಗಿಲು ಮುಚ್ಚಿತು. ಮುಂದೆ ನಡೆದದ್ದು ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಪ್ರಕರಣ. ಮುಚ್ಚಿದ ಕಾರ್ಖಾನೆಯ ನೆಲದೊಂದಿಗೆ ಅದಕ್ಕೆ ತಾಗಿಕೊಂಡಿದ್ದ ಡೆಟ್ರಾಯಿಟ್‌ನ ‘ಪೋಲ್‌ಟೌನ್’ ಬಡಾವಣೆಯ ಒಂದು ದೊಡ್ಡ ಭಾಗವನ್ನೂ ಸೇರಿಸಿಕೊಟ್ಟರೆ ಅಲ್ಲಿ ಹೊಸ ಜೋಡಣೆ ಘಟಕವನ್ನು ಕಟ್ಟಿ ಸುಮಾರು 6,000 ಮಂದಿಗೆ ಕೆಲಸ ಕೊಡುವುದಾಗಿ ಜನರಲ್ ಮೋಟಾರ್ಸ್ ಮುಂದೆ ಬಂದಿತು. ಪೋಲಿಷ್ ಮೂಲದ ವೃದ್ಧರೂ ಕಪ್ಪು ಕುಟುಂಬಗಳೂ ಒಟ್ಟಿಗೆ ಬಾಳುತ್ತಿದ್ದ ಆ ಬಡಾವಣೆಯಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನರು, ಸಾವಿರಕ್ಕೂ ಮೀರಿದ ಮನೆಗಳು, ಅಂಗಡಿಗಳು ಮತ್ತು ಹಲವು ಚರ್ಚುಗಳು ಜಾಗ ತೆರವು ಮಾಡಬೇಕಾಯಿತು. ಸಾರ್ವಜನಿಕ ಉಪಯೋಗಕ್ಕಾಗಿ ಖಾಸಗಿ ಜಮೀನನ್ನು ಪರಿಹಾರ ಕೊಟ್ಟು ವಶಪಡಿಸಿಕೊಳ್ಳುವ ಅಧಿಕಾರ ಸರ್ಕಾರಕ್ಕಿದೆ. ಆದರೆ ಹಾಗೆ ಪಡೆದ ನೆಲವನ್ನು ಒಂದು ಖಾಸಗಿ ಕಂಪನಿಗೆ ಒಪ್ಪಿಸುವುದು ಸಾರ್ವಜನಿಕ ಉಪಯೋಗವೇ ಎಂಬುದು ನ್ಯಾಯಾಲಯದ ಮುಂದಿದ್ದ ಪ್ರಶ್ನೆ. ಉದ್ಯೋಗ ಮತ್ತು ತೆರಿಗೆ ಹೆಚ್ಚುವುದರಿಂದ ಹೌದು ಎಂದು ಮಿಶಿಗನ್ ಸರ್ವೋಚ್ಚ ನ್ಯಾಯಾಲಯ 1981ರಲ್ಲಿ ತೀರ್ಪು ನೀಡಿತು. ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಎಂಬ ಚರ್ಚನ್ನು ಉಳಿಸಿಕೊಳ್ಳಲು ನಿವಾಸಿಗಳು 29 ದಿನ ಅದರೊಳಗೆ ಕುಳಿತರು. ಜುಲೈನಲ್ಲಿ ಪೊಲೀಸರು ಅವರನ್ನು ಹೊರಗೆ ಕಳಿಸಿದ ಮೇಲೆ ಕಟ್ಟಡ ಉರುಳಿತು. 1985ರಲ್ಲಿ ಘಟಕ ತೆರೆಯಿತು, ಆದರೆ ಆರಂಭದ ವರ್ಷಗಳಲ್ಲಿ ಮಾತುಕೊಟ್ಟಷ್ಟು ಕೆಲಸಗಳು ಕೈಗೂಡಲಿಲ್ಲ. ಅದೇ ನ್ಯಾಯಾಲಯ 2004ರಲ್ಲಿ ಇನ್ನೊಂದು ಪ್ರಕರಣದ ಸಂದರ್ಭದಲ್ಲಿ ತನ್ನ ಹಳೆಯ ತೀರ್ಪು ತಪ್ಪೆಂದು ಹೇಳಿ ಅದನ್ನು ರದ್ದುಪಡಿಸಿತು. ಇಪ್ಪತ್ಮೂರು ವರ್ಷಗಳ ನಂತರ ಬಂದ ಆ ತಿದ್ದುಪಡಿಯಿಂದ ಪೋಲ್‌ಟೌನ್‌ಗೆ ಏನೂ ಮರಳಿ ಸಿಗಲಿಲ್ಲ. ಹಳೆಯ ವಸತಿಯ ಒಂದೇ ಕುರುಹೆಂಬಂತೆ ಬೆತ್ ಓಲೆಮ್ ಎಂಬ ಯಹೂದಿ ಸ್ಮಶಾನ ಘಟಕದ ಆವರಣದೊಳಗೆ ಉಳಿದಿದೆ. ವರ್ಷಕ್ಕೆ ಎರಡು ದಿನ ಅದರ ಬಾಗಿಲು ಸಾರ್ವಜನಿಕರಿಗೆ ತೆರೆಯುತ್ತದೆ.

ಹ್ಯಾಮ್‌ಟ್ರ್ಯಾಮಿಕ್‌ನ ಜನಸಂಖ್ಯೆ 1990ರಲ್ಲಿ 18,372ಕ್ಕೆ ಇಳಿಯಿತು. ಯುದ್ಧಾನಂತರ ಹೊಸ ಹೆದ್ದಾರಿಗಳ ಅಂಚಿನಲ್ಲಿ ಎದ್ದ, ವಿಶಾಲ ಅಂಗಳಗಳುಳ್ಳ ಹೊರವಲಯದ ಊರುಗಳಿಗೆ ಪೋಲಿಷರ ಎರಡನೆಯ ಮತ್ತು ಮೂರನೆಯ ಪೀಳಿಗೆ ಹೊರಟುಹೋಗಿತ್ತು. ಗೆರೆಯೊಳಗೆ ಒಂದೇ ದೊಡ್ಡ ತೆರಿಗೆದಾರನನ್ನು ನಂಬಿ ಬದುಕಿದ ಊರಿಗೆ ಆ ತೆರಿಗೆದಾರನೇ ಇಲ್ಲವಾದಾಗ ಪೊಲೀಸರ ಸಂಬಳ, ನಿವೃತ್ತರ ಪಿಂಚಣಿ ಎಲ್ಲವೂ ಭಾರವಾಯಿತು. 2000ದಲ್ಲಿ ಮತ್ತು ಮತ್ತೆ 2013ರಲ್ಲಿ ರಾಜ್ಯ ಸರ್ಕಾರ ಇಲ್ಲಿಗೆ ತುರ್ತು ಹಣಕಾಸು ವ್ಯವಸ್ಥಾಪಕರನ್ನು ನೇಮಿಸಿತು. ಚುನಾಯಿತರ ಅಧಿಕಾರವನ್ನು ಬದಿಗಿರಿಸಿ ನಗರದ ಜಮಾಖರ್ಚನ್ನು ಒಬ್ಬ ನೇಮಿತ ಅಧಿಕಾರಿಯ ಕೈಗೆ ಕೊಡುವ ಏರ್ಪಾಡು ಇದು. ಲೆಕ್ಕವನ್ನು ಸರಿದೂಗಿಸಲು ಅದು ನೆರವಾಗಬಹುದಾದರೂ, ತನ್ನನ್ನು ತಾನೇ ಆಳಿಕೊಳ್ಳಲೆಂದು ಹುಟ್ಟಿದ ಊರಿಗೆ ಅದು ಹಗುರವಾದ ಪೆಟ್ಟಲ್ಲ.

ಇಂಥ ಸ್ಥಿತಿಯಲ್ಲಿ ಅಮೆರಿಕದ ಎಷ್ಟೋ ಕೈಗಾರಿಕಾ ಊರುಗಳು ಬರಿದಾದವು. ಸುತ್ತಲಿನ ಡೆಟ್ರಾಯಿಟ್‌ನಲ್ಲೇ ಇಡೀ ಬೀದಿಗಳು ಹುಲ್ಲುಗಾವಲಾದವು. ಹ್ಯಾಮ್‌ಟ್ರ್ಯಾಮಿಕ್‌ನಲ್ಲಿ ಮನೆಗಳು ನಿಂತೇ ಇದ್ದವು, ಅಗ್ಗವಾಗಿದ್ದವು, ಇಬ್ಬಿಬ್ಬರು ಸಂಸಾರಸ್ಥರಿಗೆ ಹೊಂದುವಂತಿದ್ದವು. 1924ರ ಕಾನೂನು ಬಹುಮಟ್ಟಿಗೆ ಮುಚ್ಚಿದ್ದ ವಲಸೆಯ ಬಾಗಿಲನ್ನು 1965ರ ಕಾನೂನು ಏಷ್ಯಾದ ಜನರಿಗೂ ತೆರೆದಿತ್ತು. ಡೆಟ್ರಾಯಿಟ್‌ನ ಕಾರು ಉದ್ಯಮದಲ್ಲಿ ಮೊದಲಿನಿಂದ ದುಡಿಯುತ್ತಿದ್ದ ಯೆಮನ್ ದೇಶದವರು ತಮ್ಮ ಕುಟುಂಬಗಳನ್ನು ಕರೆಸಿಕೊಂಡರು. 1990ರ ದಶಕದಲ್ಲಿ ಯುದ್ಧದಿಂದ ಪಾರಾದ ಬೋಸ್ನಿಯನ್ನರು ಬಂದರು. ನ್ಯೂಯಾರ್ಕ್‌ನ ದುಬಾರಿ ಬಾಡಿಗೆಯಿಂದ ಬೇಸತ್ತ ಬಾಂಗ್ಲಾದೇಶೀಯರು, ಅವರಲ್ಲೂ ಹೆಚ್ಚಾಗಿ ಸಿಲ್ಹೆಟ್ ಪ್ರದೇಶದವರು, ಬಿಡಿಭಾಗಗಳ ಸಣ್ಣ ಕಾರ್ಖಾನೆಗಳಲ್ಲಿ ಕೆಲಸವನ್ನೂ ಕೈಗೆಟಕುವ ಬೆಲೆಯ ಮನೆಯನ್ನೂ ಅರಸಿ ಇಲ್ಲಿಗೆ ಸರಿದರು. ಪೋಲಿಷ್ ಕಾರ್ಮಿಕ ಮಾಡಿದ ಲೆಕ್ಕಾಚಾರವನ್ನೇ ಅವರೂ ಮಾಡಿದರು: ಕೆಳಗೆ ತಾವು, ಮೇಲೆ ಬಾಡಿಗೆಗೆ ನೆಂಟರು. 2008ರಲ್ಲಿ ಕೊನಾಂಟ್ ರಸ್ತೆಯ ಒಂದು ಭಾಗಕ್ಕೆ ‘ಬಾಂಗ್ಲಾದೇಶ್ ಅವೆನ್ಯೂ’ ಎಂಬ ಗೌರವನಾಮ ದೊರೆಯಿತು. ಇಂದು ಊರಿನ ಐವರಲ್ಲಿ ಸುಮಾರು ಇಬ್ಬರು ಹೊರದೇಶದಲ್ಲಿ ಹುಟ್ಟಿದವರು.

ಹೊಸಬರಿಗೆ ಮತಪೆಟ್ಟಿಗೆಯ ದಾರಿ ಸಲೀಸಾಗಿ ತೆರೆಯಲಿಲ್ಲ. 1999ರ ಚುನಾವಣೆಯ ದಿನ ಅರಬ್ಬರಂತೆ ಕಂಡ ಅಥವಾ ಅಂಥ ಹೆಸರುಳ್ಳ ಮತದಾರರನ್ನು ಮಾತ್ರ ಗುರಿಮಾಡಿ ಅವರ ಪೌರತ್ವವನ್ನು ಪ್ರಶ್ನಿಸಲಾಯಿತು. ಕೇಂದ್ರದ ನ್ಯಾಯ ಇಲಾಖೆ ಮಧ್ಯೆ ಬಂದು ನಗರದೊಂದಿಗೆ ಒಪ್ಪಂದ ಮಾಡಿಕೊಂಡು ಅದನ್ನು ನಿಲ್ಲಿಸಬೇಕಾಯಿತು. ಇಂಗ್ಲಿಷನ್ನು ಚೆನ್ನಾಗಿ ಅರಿಯದ ಒಂದು ಭಾಷಾ ಸಮುದಾಯದ ಮತದಾರರು ನಿಗದಿತ ಪ್ರಮಾಣವನ್ನು ದಾಟಿದರೆ ಅವರ ಭಾಷೆಯಲ್ಲಿ ಮತಪತ್ರ ಕೊಡಬೇಕೆಂದು ಅಮೆರಿಕದ ಮತದಾನ ಹಕ್ಕುಗಳ ಕಾನೂನು ಹೇಳುತ್ತದೆ; ಅದರಂತೆ 2011ರಲ್ಲಿ ಇಲ್ಲಿ ಬಂಗಾಳಿ ಮತಪತ್ರ ಕಡ್ಡಾಯವಾಯಿತು.

ಊರು ಲೋಕದ ಕಣ್ಣಿಗೆ ಬಿದ್ದದ್ದು 2004ರಲ್ಲಿ. ಅಲ್ ಇಸ್ಲಾಹ್ ಮಸೀದಿಯವರು ಆಜಾನ್, ಎಂದರೆ ನಮಾಜಿನ ಕರೆಯನ್ನು, ಧ್ವನಿವರ್ಧಕದಲ್ಲಿ ಕೂಗಲು ಅನುಮತಿ ಕೇಳಿದರು. ನಗರಸಭೆಯು ಶಬ್ದ ನಿಯಂತ್ರಣದ ನಿಯಮವನ್ನು ತಿದ್ದಿ, ಬೆಳಗಿನ 6ರಿಂದ ರಾತ್ರಿ 10ರವರೆಗಿನ ಅವಧಿಯಲ್ಲಿ ಅದಕ್ಕೆ ಅವಕಾಶ ಕೊಟ್ಟಿತು. ವಿರೋಧಿಗಳು ವಿಷಯವನ್ನು ಜನಮತಕ್ಕೆ ಹಾಕಿಸಿದಾಗ ಮತದಾರರು ನಗರಸಭೆಯ ತೀರ್ಮಾನವನ್ನೇ ಎತ್ತಿಹಿಡಿದರು. ಚರ್ಚಿನ ಗಂಟೆಗಳು ಒಂದು ಶತಮಾನದಿಂದ ಮೊಳಗುತ್ತಿದ್ದ ಬೀದಿಯಲ್ಲಿ ಇನ್ನೊಂದು ಕರೆಗೆ ಜಾಗವಿದೆಯೆಂದು ಒಪ್ಪಿದವರಲ್ಲಿ ಮುಸ್ಲಿಮೇತರರೂ ಅನೇಕರಿದ್ದರು.

ನಗರಸಭೆಯಲ್ಲಿರುವುದು ಆರೇ ಸದಸ್ಯ ಸ್ಥಾನಗಳು. ವಾರ್ಡುಗಳಿಲ್ಲದೆ ಇಡೀ ಊರು ಒಟ್ಟಾಗಿ ಅವರನ್ನು ಆರಿಸುತ್ತದೆ. ಇಷ್ಟು ಚಿಕ್ಕ ಊರಿನಲ್ಲಿ ಕೆಲವೇ ಸಾವಿರ ಮತಗಳು ಅಧಿಕಾರವನ್ನು ನಿರ್ಣಯಿಸುತ್ತವೆ. ಇವೇ ಬೀದಿಗಳು ಡೆಟ್ರಾಯಿಟ್‌ನ ಒಂದು ಬಡಾವಣೆಯಾಗಿದ್ದಿದ್ದರೆ ಪೋಲಿಷರಾಗಲಿ, ಅವರ ನಂತರ ಬಂದವರಾಗಲಿ ಅಲ್ಪಸಂಖ್ಯಾತರಾಗಿಯೇ ಉಳಿಯುತ್ತಿದ್ದರು. 2015ರಲ್ಲಿ ಅಮೆರಿಕದಲ್ಲೇ ಮೊದಲ ಬಾರಿಗೆ ಮುಸ್ಲಿಂ ಬಹುಮತದ ನಗರಸಭೆ ಇಲ್ಲಿ ಆಯ್ಕೆಯಾಯಿತು. 2021ರಲ್ಲಿ ಅದರ ಎಲ್ಲ ಸದಸ್ಯರೂ ಮುಸ್ಲಿಮರಾದರು. ಅದೇ ವರ್ಷ ಯೆಮನ್‌ನಲ್ಲಿ ಹುಟ್ಟಿದ ಅಮೇರ್ ಗಾಲಿಬ್ ಅವರು, ಪೋಲಿಷ್ ವಲಸೆಯ ಇತಿಹಾಸಕಾರರೂ ಊರಿನ ಮೊದಲ ಮಹಿಳಾ ಮೇಯರೂ ಆಗಿದ್ದ ಕ್ಯಾರೆನ್ ಮಜೆವ್‌ಸ್ಕಿ ಅವರನ್ನು ಸೋಲಿಸಿ ಮೇಯರಾದರು. ಪೋಲಿಷ್ ಮೂಲದ ಮೇಯರುಗಳ ಒಂದು ಶತಮಾನದ ಪರಂಪರೆ ಅಲ್ಲಿಗೆ ನಿಂತಿತು. 2023ರ ಜೂನ್‌ನಲ್ಲಿ ಹೊಸ ನಗರಸಭೆಯು ದೇಶ, ರಾಜ್ಯ, ನಗರ ಮುಂತಾದ ಕೆಲವು ಧ್ವಜಗಳನ್ನು ಬಿಟ್ಟು ಬೇರಾವುದನ್ನೂ ನಗರದ ಆಸ್ತಿಯ ಮೇಲೆ ಹಾರಿಸಬಾರದೆಂದು ಗೊತ್ತುವಳಿ ಸ್ವೀಕರಿಸಿದಾಗ, ಸಲಿಂಗಿ ಸಮುದಾಯದ ಕಾಮನಬಿಲ್ಲಿನ ಧ್ವಜಕ್ಕೂ ಅವಕಾಶ ಇಲ್ಲವಾಯಿತು. ಧರ್ಮ ಮತ್ತು ರಾಜಕೀಯಗಳ ನಡುವೆ ತಟಸ್ಥವಾಗಿರುವುದೇ ಇದರ ಉದ್ದೇಶವೆಂದು ಬೆಂಬಲಿಗರು ಹೇಳಿದರೆ, ಹಿಂದೆ ಮುಸ್ಲಿಂ ನೆರೆಯವರ ಹಕ್ಕಿಗಾಗಿ ನಿಂತಿದ್ದ ಹಲವರು ತಮ್ಮನ್ನು ಕೈಬಿಟ್ಟರೆಂದು ನೊಂದರು. ಆ ನೋವಿಗೆ ಕಾರಣವಿದೆ. ಆದರೆ ಇದು ಊರಿಗೆ ಹೊಸದಲ್ಲ: ಹಿಂದಿನ ಬಹುಮತವೂ ಅಧಿಕಾರವನ್ನು ತನ್ನವರ ಹಿತಕ್ಕಷ್ಟೇ ಬಳಸಿದ್ದುಂಟು.

ಜೋಸೆಫ್ ಕ್ಯಾಂಪೋ ಎಂಬ ಮುಖ್ಯ ಬೀದಿಯಲ್ಲಿ ಈಗ ಯೆಮನಿ ಹೋಟೆಲುಗಳೂ ಪೋಲಿಷ್ ಬೇಕರಿಗಳೂ ಅಕ್ಕಪಕ್ಕದಲ್ಲಿವೆ. ಪೋಲೆಂಡಿನವರಾದ ಪೋಪ್ ಎರಡನೆಯ ಜಾನ್ ಪಾಲ್ 1987ರಲ್ಲಿ ಈ ಊರಿಗೆ ಬಂದಿದ್ದರು; ಅವರ ಪ್ರತಿಮೆ ಅದೇ ಬೀದಿಯಲ್ಲಿದೆ. ಈಸ್ಟರ್‌ಗೆ ಮುನ್ನಿನ ಉಪವಾಸ ಆರಂಭವಾಗುವ ಹಿಂದಿನ ಮಂಗಳವಾರ, ಒಳಗೆ ಹಣ್ಣಿನ ಪಾಕ ತುಂಬಿ ಎಣ್ಣೆಯಲ್ಲಿ ಕರಿದ ‘ಪೌಂಚ್ಕಿ’ ಎಂಬ ತಿನಿಸಿಗಾಗಿ ಬೇಕರಿಗಳ ಮುಂದೆ ನಸುಕಿನಲ್ಲೇ ಸಾಲು ಹತ್ತುತ್ತದೆ. ಊರು ಬಿಟ್ಟುಹೋದ ಪೋಲಿಷ್ ಕುಟುಂಬಗಳೂ ಅಂದು ದೂರದಿಂದ ಬರುತ್ತವೆ. ದಕ್ಷಿಣದ ಅಂಚಿನಲ್ಲಿ ಜನರಲ್ ಮೋಟಾರ್ಸ್‌ನ ಘಟಕವು 2020ರಿಂದ ‘ಫ್ಯಾಕ್ಟರಿ ಝೀರೋ’ ಎಂಬ ಹೆಸರಿನಲ್ಲಿ ವಿದ್ಯುತ್ ವಾಹನಗಳ ತಯಾರಿಕೆಗೆ ಮೀಸಲಾಗಿದೆ. ಬೇಸಿಗೆಯಲ್ಲಿ, ಡಾಜ್ ಕಾರ್ಮಿಕರಿಗೆಂದು ಕಟ್ಟಿದ ಮನೆಗಳ 30 ಅಡಿ ಅಗಲದ ಹಿತ್ತಲುಗಳಲ್ಲಿ ಸಿಲ್ಹೆಟ್‌ನ ಹೆಂಗಸರು ಗಳುಗಳನ್ನು ನೆಟ್ಟು, ಹಗ್ಗದ ಚಪ್ಪರ ಹಾಕಿ, ಸೋರೆ ಮತ್ತು ಅವರೆಯ ಬಳ್ಳಿಗಳನ್ನು ಹಬ್ಬಿಸುತ್ತಾರೆ. ಜಾಗ ಸಾಲದ ಕಡೆ ಬಳ್ಳಿ ಬೇಲಿಯನ್ನು ದಾಟಿ ಪಕ್ಕದ ಮನೆಯ ಅಂಗಳಕ್ಕೆ ಇಳಿಯುತ್ತದೆ.